ಎಡಚನಿಗೊಂದು ಕೋವಿ

"ಅಂಗಡೀಲಿ ಮಾತೆಲ್ಲ ನಂದು. ಕೋವಿ ನಿನಗೆ, ಎಡಚ ನೀನು. ಅಷ್ಟು ನೆನಪಿಟ್ಕೊಂಡು ಬಾಯಿ ಮುಚ್ಕೊಂಡಿರು," ಎಂದ ಹುಲೂಸಿ.

ಬೇಶೆಹಿರ್ ಪೇಟೆಯ ಕೋವಿ ಅಂಗಡಿಯೊಂದರ ಮುಂದೆ ಕಾರು ಆಗಷ್ಟೇ ನಿಂತಿತ್ತು. ಮಗ ರಾಸಿಮ್ ತಲೆಯಾಡಿಸಿದ. ಅವನಿಗೆ ಮೂವತ್ತಾರು ವರ್ಷ. ಬೈಗುಳವಾಗಿ ಅಲ್ಲದೆ ಅಪ್ಪ ಅವನನ್ನು ಎಡಚ ಎಂದು ಕರೆದದ್ದು ಇದೇ ಮೊದಲು.

ಅವನು ಹುಟ್ಟಾ ಎಡಚನೇ. ಐದನೇ ವರ್ಷದಲ್ಲಿ ಅಪ್ಪ ಅವನ ಎಡಗೈಯನ್ನು ಉಣ್ಣೆಯ ನಡುಪಟ್ಟಿಯಿಂದ ಮೈಗೆ ಬಿಗಿದು ಕಟ್ಟಿದ್ದ. ಎಡಗೈಯಲ್ಲಿ ತಿನ್ನುವವನು ಸೈತಾನ, ತನ್ನ ಮನೆಯಲ್ಲಿ ಸೈತಾನನಿಗೆ ಊಟ ಇಲ್ಲ ಎಂಬುದು ಅಪ್ಪನ ವಾದ. ಊಟಕ್ಕೆ ಕೂತಾಗ ಕಟ್ಟು, ಶಾಲೆಗೆ ಹೊರಟಾಗ ಕಟ್ಟು. ಎರಡು ಚಳಿಗಾಲ ಕಳೆಯುವುದರೊಳಗೆ ಕೈ ಬದಲಾಯಿತು. ಬಲಗೈಯಲ್ಲಿ ತಿಂದ, ಬಲಗೈಯಲ್ಲಿ ಬರೆದ, ದೊಡ್ಡವನಾದ ಮೇಲೆ ಕೋವಿಯನ್ನೂ ಬಲ ಭುಜಕ್ಕೇ ಏರಿಸಿದ. ಕಣ್ಣು ಮಾತ್ರ ಬದಲಾಗಲಿಲ್ಲ. ಗುರಿ ಹಿಡಿಯುವುದು ಎಡಗಣ್ಣು, ಕೋವಿ ಇರುವುದು ಬಲಕ್ಕೆ. ಹೊಡೆದದ್ದೆಲ್ಲ ಪಕ್ಕಕ್ಕೆ ಹೋಗುತ್ತಿತ್ತು. ಊರಿನ ಬೇಟೆ ಗುಂಪಿನಲ್ಲಿ ಅವನಿಗೆ 'ಪಟಾಕಿ ರಾಸಿಮ್' ಎಂದು ಹೆಸರು. ಹೆಸರಿಟ್ಟವನು ಅಪ್ಪನೇ.

ಆ ಗುಂಪಿಗೆ ಇಪ್ಪತ್ತೆರಡು ವರ್ಷದಿಂದ ಹುಲೂಸಿಯೇ ಮುಖ್ಯಸ್ಥ. ತೋಟ ಹಾಳುಮಾಡುವ ಕಾಡುಹಂದಿಗಳನ್ನು ಓಡಿಸುವವರು ಯಾವ ಕಣಿವೆಯಿಂದ ಹೊರಡಬೇಕು, ಕೋವಿಯವರಲ್ಲಿ ಯಾರು ಎಲ್ಲಿ ಕಾಯಬೇಕು, ಎಲ್ಲ ಅವನ ಬಾಯಿಂದಲೇ ಬರಬೇಕು. ಈ ವಸಂತದಲ್ಲಿ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಅವನ ಬಲಗಣ್ಣು ದೀಪ ಆರಿದ ಹಾಗೆ ಆರಿಹೋಯಿತು. ಒಳಗಿನ ರಕ್ತನಾಳ ಕಟ್ಟಿಕೊಂಡಿದೆ, ನೋಟ ಇನ್ನು ಬರುವುದಿಲ್ಲ ಎಂದರು ಕೊನ್ಯಾ ನಗರದ ವೈದ್ಯರು. ಹೊರಗಿನಿಂದ ನೋಡಿದರೆ ಆ ಕಣ್ಣಿಗೆ ಏನೂ ಆಗಿರಲಿಲ್ಲ. ಇನ್ನೊಂದರ ಜೊತೆಗೇ ಹೊರಳುತ್ತಿತ್ತು, ಹೊಳೆಯುತ್ತಿತ್ತು. ವಿಷಯ ಗೊತ್ತಿದ್ದದ್ದು ಹುಲೂಸಿಗೆ, ರಾಸಿಮ್‌ಗೆ ಮತ್ತು ರಾಸಿಮ್‌ನ ಹೆಂಡತಿ ನೆಜ್ಲಾಗೆ ಮಾತ್ರ. ಒಕ್ಕಣ್ಣನ ಮಾತು ಕೇಳಿ ಕಾಡಿನಲ್ಲಿ ನಿಲ್ಲಲು ಯಾರೂ ಒಪ್ಪುವುದಿಲ್ಲ. ಗುಂಪಿನ ಎರಡನೆಯವನಾದ ದುರ್ಸುನ್ ಆ ಜಾಗಕ್ಕೆ ವರ್ಷಗಳಿಂದ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ. ಹಾಗಾಗಿ ಬೇಟೆಯ ಕಾಲ ಶುರುವಾಗುವುದರೊಳಗೆ ಹುಲೂಸಿ ಎಡ ಭುಜದಿಂದ, ಎಡಗಣ್ಣಿನಿಂದ ಹೊಡೆಯುವುದನ್ನು ಕಲಿಯಬೇಕಿತ್ತು. ಕಲಿಸಬಲ್ಲವನು ಮನೆಯಲ್ಲಿ ಒಬ್ಬನೇ, ಹೀಗೇ ಕೈ ಬದಲಿಸಿಕೊಂಡಿದ್ದ ರಾಸಿಮ್.

ರಾಸಿಮ್ ಒಪ್ಪಿಕೊಂಡದ್ದು ಮಗಳಿಗಾಗಿ. ಐದು ವರ್ಷದ ಇಪೆಕ್ ಚಮಚಕ್ಕೆ ಎಡಗೈ ಚಾಚುತ್ತಿದ್ದಳು. ಬೇಸಿಗೆಯಿಂದ ಹುಲೂಸಿ ಊಟದ ಹೊತ್ತಿಗೆ ಅವಳ ಕೈಯನ್ನು ನೆಜ್ಲಾಳ ತಲೆವಸ್ತ್ರದಿಂದ ಕಟ್ಟತೊಡಗಿದ್ದ. ಮನೆ, ಸೇಬಿನ ತೋಟ, ಟ್ರ್ಯಾಕ್ಟರ್ ಎಲ್ಲ ಅವನ ಹೆಸರಿನಲ್ಲಿದ್ದವು. ಅವನ ಮನೆಯ ಊಟಕ್ಕೆ ಅವನದೇ ಕಟ್ಟಳೆ.

"ಎಡಗೈ ನಾನು ಕಲಿಸ್ತೀನಿ," ಎಂದಿದ್ದ ರಾಸಿಮ್ ಹಿಂದಿನ ವಾರ. "ಆದ್ರೆ ಇಪೆಕ್ ಕೈ ಇನ್ಮೇಲೆ ಕಟ್ಟಬಾರದು."

ಹುಲೂಸಿ ಸೂರ್ಯಕಾಂತಿ ಬೀಜ ಒಡೆಯುತ್ತ ಯೋಚಿಸಿದ. ಸಿಪ್ಪೆ ಉಗುಳಿದ. "ಕಟ್ಟಲ್ಲ."

"ಮಾತು?"

"ಕಟ್ಟಲ್ಲ ಅಂದ್ನಲ್ಲೋ. ನನ್ ಮಾತು ಯಾವತ್ತಾದ್ರೂ ಎರಡಾಗಿದ್ಯಾ?"

ಆಗಿರಲಿಲ್ಲ. ಅದನ್ನು ಊರೇ ಒಪ್ಪುತ್ತಿತ್ತು.

ಅಂಗಡಿಯ ಕಸುಬುದಾರ ಹಲೀಮ್ ಉಸ್ತಾ ಹುಲೂಸಿಗೆ ಹಳೆಯ ಪರಿಚಯ. ಮೂವರಿಗೂ ಟೀ ತರಿಸಿ, ಏನು ಬೇಕು ಎಂದು ಕೇಳಿದ.

"ಎಡಗೈ ಆಟೊಮ್ಯಾಟಿಕ್ ಬೇಕು. ನನಗಲ್ಲ, ಇವನಿಗೆ. ಹಂದಿ ಮುಂದೆ ನಿಲ್ಲೋ ಅಂಥದ್ದು."

"ರಾಸಿಮ್ ಎಡಚನಾ?"

"ಈಗ ಗೊತ್ತಾಯ್ತು."

"ಎಲ್ಲಿ, ನೋಡೋಣ. ಎರಡೂ ಕೈ ಮುಂದೆ ಚಾಚಪ್ಪ. ಅಂಗೈ ಜೋಡಿಸಿ ನಡುವೆ ಸಣ್ಣ ತೂತು ಮಾಡು. ಅದರೊಳಗಿಂದ ಆ ಗಡಿಯಾರ ನೋಡ್ತಾ ನೋಡ್ತಾ ಕೈ ಮುಖದ ಹತ್ರ ತಾ."

ರಾಸಿಮ್‌ನ ಕೈಗಳು ನೇರ ಎಡಗಣ್ಣಿಗೆ ಬಂದು ನಿಂತವು.

"ಅಲ್ಲಾ! ಕಣ್ಣೂ ಎಡವೇ! ಹುಲೂಸಿ ಅಣ್ಣ, ಇಷ್ಟು ವರ್ಷ ಇವನ ಕೈಗೆ ಬಲಗೈ ಕೋವಿ ಕೊಟ್ಟು, ಮೇಲೆ ಪಟಾಕಿ ಅಂತ ಹೆಸರು ಬೇರೆ ಇಟ್ಟಿದ್ದೀರಾ? ಎಡಗಾಲಿನ ಬೂಟು ಬಲಗಾಲಿಗೆ ತೊಡಿಸಿ ಓಡು ಅಂದಂಗಾಯ್ತು."

"ಅವನು ಹೇಳ್ಲಿಲ್ಲ," ಎಂದ ಹುಲೂಸಿ. "ನಂಗೇನು ಕನಸು ಬೀಳುತ್ತಾ? ಬಾಯಿ ಸತ್ತ ಮಗ."

ರಾಸಿಮ್ ಟೀ ಕುಡಿದ. ಅದಿನ್ನೂ ನಾಲಿಗೆ ಸುಡುತ್ತಿತ್ತು.

ಉಸ್ತಾ ಮೊದಲು ಗೋಡೆಯಿಂದ ಇಳಿಸಿದ್ದು ಊರಲ್ಲೆಲ್ಲ ಇರುವಂಥ ಮಾಮೂಲಿ ಕೋವಿ. "ಇದು ಬಲಗೈದೇ. ಆದ್ರೆ ಸೇಫ್ಟಿ ಗುಂಡೀನ ತಿರುಗಿಸಿ ಕೂರಿಸ್ತೀನಿ, ಎಡಗೈ ಬೆರಳಿಗೆ ಸಿಗೋ ಹಂಗೆ. ಭುಜಕ್ಕೊತ್ತೋ ಹಿಂದಿನ ಮರ ಕೂಡೋ ಜಾಗದಲ್ಲಿ ತೆಳು ಬಿಲ್ಲೆ ಬದಲಾಯಿಸಿದ್ರೆ ಮರ ಎಡಕ್ಕೆ ವಾಲುತ್ತೆ. ಕಡಿಮೇಲೇ ಕೆಲಸ ಆಗುತ್ತೆ."

"ಇದೇ ಸಾಕು," ಎಂದ ಹುಲೂಸಿ ತಕ್ಷಣ. ಕಾರಣ ರಾಸಿಮ್‌ಗೆ ಗೊತ್ತಿತ್ತು. ಈ ಕೋವಿ ಎಲ್ಲರ ಕೋವಿಯ ಹಾಗೇ ಕಾಣುತ್ತಿತ್ತು. ಎಡಚರದ್ದು ಎಂದು ಯಾರೂ ಬೆರಳು ಮಾಡುವಂತಿರಲಿಲ್ಲ.

"ಬೇಡ," ಎಂದ ರಾಸಿಮ್.

"ಬಾಯಿ ಮುಚ್ಕೊಂಡಿರು ಅಂದಿದ್ದೆ."

"ಕೋವಿ ನಂದಲ್ವಾ ಅಪ್ಪ? ಕೇಳ್ಬಾರದಾ?" ಅವನು ಉಸ್ತಾನ ಕಡೆ ತಿರುಗಿದ. "ಖಾಲಿ ತೋಟಾ ಹಾರೋ ಕಿಂಡಿ ಬಲಕ್ಕಿದೆ. ಎಡಗೆನ್ನೆ ಒತ್ತಿ ಹೊಡೆದ್ರೆ ನನ್ ಮುಖ ಇರೋದೂ ಆ ಕಡೇನೇ."

"ಅದು ನಿಜ. ತೋಟಾ ಮುಖದ ಮುಂದೇನೇ ಹಾರುತ್ತೆ. ಮದ್ದಿನ ಪುಡಿ, ಎಣ್ಣೆ ಒಂದಿಷ್ಟು ಸಿಡಿಯುತ್ತೆ. ಎಷ್ಟೋ ಎಡಚರು ಅದಕ್ಕೇ ಒಗ್ಗಿಕೊಂಡಿದ್ದಾರೆ. ಒಂದು ಕಣ್ಣಿಗೆ ಬಿದ್ರೆ ಇನ್ನೊಂದಿರುತ್ತಲ್ಲ."

"ಇನ್ನೊಂದು ಇಲ್ಲದವನು?"

ಉಸ್ತಾ ನಕ್ಕ. "ಒಕ್ಕಣ್ಣನಿಗೆ ಬೇಟೆ ಯಾಕೋ? ಹೆಂಗಸರ ಜೊತೆ ಕೂತು ಬಟಾಣಿ ಸುಲೀಲಿ!"

ರಾಸಿಮ್ ಅಪ್ಪನ ಮುಖ ನೋಡಿಕೊಂಡೇ ನಕ್ಕ. ಹುಲೂಸಿಯೂ ನಕ್ಕ, ಸ್ವಲ್ಪ ತಡವಾಗಿ. "ಸರಿ, ಬೇರೆ ತೋರ್ಸು," ಎಂದ.

ಉಸ್ತಾ ಒಳಗಿನ ಕಪಾಟಿನ ಬೀಗ ತೆಗೆದ. "ಇದು ಹುಟ್ಟಿನಿಂದಾನೇ ಎಡಚ. ಕಿಂಡಿ ಎಡಕ್ಕೆ, ಎಳೆಯೋ ಹಿಡಿ ಎಡಕ್ಕೆ. ಸೇಫ್ಟಿ ನೋಡು, ಗುಂಡೀನ ಎಡದಿಂದ ಬಲಕ್ಕೆ ಒತ್ತಿದ್ರೆ ಬೆಂಕಿ, ಬಲದಿಂದ ಎಡಕ್ಕೆ ಒತ್ತಿದ್ರೆ ಬೀಗ. ಬಲಗೈಯವರು ಮುಟ್ಟಿದ್ರೆ ತಬ್ಬಿಬ್ಬು. ಮಾಡೋರು ಕಮ್ಮಿ, ಕೇಳೋರೂ ಕಮ್ಮಿ. ನನ್ ಹತ್ರ ಇದೊಂದೇ ಇರೋದು. ಕಣ್ಣು ಮುಚ್ಚಿ ಭುಜಕ್ಕೇರಿಸು. ಕೆನ್ನೆ ಕೂತ ಮೇಲೆ ಕಣ್ಣು ಬಿಡು."

ರಾಸಿಮ್ ಹಾಗೇ ಮಾಡಿದ. ಕಣ್ಣು ಬಿಟ್ಟಾಗ ನಳಿಗೆಯ ತುದಿಯ ಹಿತ್ತಾಳೆ ಮಣಿ ಗೋಡೆ ಗಡಿಯಾರದ ನಟ್ಟನಡುವೆ ಇತ್ತು. ಅದನ್ನು ಹುಡುಕಬೇಕಾಗಲಿಲ್ಲ, ಕುತ್ತಿಗೆ ತಿರುಚಬೇಕಾಗಲಿಲ್ಲ. ಇಳಿಸಿ ಮತ್ತೆ ಏರಿಸಿದ. ಮಣಿ ಅಲ್ಲೇ ಇತ್ತು. ವರ್ಷವರ್ಷವೂ ಬೇಟೆಗೆ ಹೋಗಿ ನಗೆಪಾಟಲಾಗಿ ಬಂದವನಿಗೆ ಕೋವಿ ಇಷ್ಟು ಸುಲಭದ ವಸ್ತು ಎಂದು ಯಾರೂ ಹೇಳಿರಲಿಲ್ಲ.

"ಅಳತೆ ಕೊಟ್ಟು ಮಾಡಿಸ್ದಂಗಿದೆ," ಎಂದ ಉಸ್ತಾ. "ಇದರಲ್ಲಿ ಏನೂ ಮುಟ್ಟೋ ಹಂಗಿಲ್ಲ."

"ಕೆಳಗಿಡು," ಎಂದ ಹುಲೂಸಿ.

ರಾಸಿಮ್ ಕೇಳಿಸದವನ ಹಾಗೆ ಮೂರನೇ ಸಲ ಏರಿಸಿದ.

"ಕೆಳಗಿಡೋ!"

ಇಟ್ಟ.

"ಇದೇ ಇರ್ಲಿ ಉಸ್ತಾ. ಆದ್ರೆ ಹಿಂದಿನ ಮರ ಉದ್ದ ಆಯ್ತು. ಒಂದೂವರೆ ಬೆರಳು ಕತ್ತರಿಸು." ಹುಲೂಸಿ ಮಗನಿಗಿಂತ ಗಿಡ್ಡ. ಅವನ ತೋಳುಗಳೂ ಗಿಡ್ಡ.

ಉಸ್ತಾ ಹುಬ್ಬೇರಿಸಿದ. "ಇವನ ಕೈ ಉದ್ದ ಅಣ್ಣ. ಕತ್ತರಿಸಿದ್ರೆ ಹೊಡೆದಾಗಲೆಲ್ಲ ಇವನ ಹೆಬ್ಬೆರಳೇ ಇವನ ಮೂಗಿಗೆ ಗುದ್ದುತ್ತೆ."

"ಚಳೀಲಿ ದಪ್ಪ ಕೋಟು ಹಾಕ್ತಾನೆ. ಕತ್ತರಿಸು."

"ರಾಸಿಮ್, ನೀನೇನಂತೀಯ? ಕತ್ತರಿಸಿದ್ ಮೇಲೆ ಅಂಟ್ಸಕ್ಕಾಗಲ್ಲ."

ಅಪ್ಪ ಅವನನ್ನೇ ನೋಡುತ್ತಿದ್ದ. ರಾಸಿಮ್ ಇಪೆಕ್‌ಳ ಮಣಿಕಟ್ಟನ್ನು ನೆನೆದ; ತಲೆವಸ್ತ್ರದ ಗಂಟು ಅಲ್ಲಿ ಕೆಂಪು ಗೆರೆ ಉಳಿಸಿತ್ತು.

"ಕತ್ತರಿಸಿ," ಎಂದ.

ಉಸ್ತಾ ಹಿಂಬದಿಯ ರಬ್ಬರ್ ಬಿಚ್ಚಿ, ಮರದ ಸುತ್ತ ಟೇಪು ಸುತ್ತಿ, ಗೆರೆ ಎಳೆದು ಗರಗಸ ಹಚ್ಚಿದ. ಅಕ್ರೋಟು ಮರದ ತುಂಡು ನೆಲಕ್ಕೆ ಬಿತ್ತು. ಹುಲೂಸಿ ಅದನ್ನು ಬೂಟಿನಿಂದ ಮೇಜಿನಡಿಗೆ ತಳ್ಳಿದ. "ನೋಡ್ದ್ಯಾ, ಈಗ ಕೋವಿ ಆಯ್ತು," ಎಂದ.

ಮರುದಿನದಿಂದ ಪಾಠ.

"ನಿಂಗೆ ಹೆಂಗೆ ಕಲಿಸಿದ್ನೋ ಹಂಗೇ ಕಲಿಸು," ಎಂದ ಹುಲೂಸಿ. "ಬೇರೆ ದಾರೀಲಿ ನಂಗೆ ನಂಬಿಕೆ ಇಲ್ಲ."

ರಾಸಿಮ್ ಉಣ್ಣೆಯ ನಡುಪಟ್ಟಿ ತಂದು ಅಪ್ಪನ ಬಲಗೈಯನ್ನು ಮೈಗೆ ಕಟ್ಟಿದ. ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚಾಗಿಯೇ ಬಿಗಿದ. ತೋಟದಲ್ಲಿ ಕೋವಿ ಹಿಡಿಯುವಾಗ ಬಿಚ್ಚುವುದು, ಮನೆಗೆ ಬಂದರೆ ಮತ್ತೆ ಕಟ್ಟುವುದು. ಮೊದಲ ದಿನ ನೆಲದ ಮೇಲೆ ಹಾಸಿದ ಊಟದ ಬಟ್ಟೆಯ ಸುತ್ತ ಎಲ್ಲರೂ ಕೂತಾಗ ಹುಲೂಸಿಯ ಎಡಗೈ ಚಮಚ ಬಾಯಿಗೆ ಬರುವ ಮೊದಲೇ ನಡುಗಿ, ಬೇಳೆ ಸೂಪು ಗಡ್ಡದ ಮೇಲೆ ಇಳಿಯಿತು.

"ತಾತನೂ ನನ್ ಥರ!" ಎಂದು ಇಪೆಕ್ ಚಪ್ಪಾಳೆ ತಟ್ಟಿದಳು.

ಕಟ್ಟು ಸಡಿಲವಾದಾಗ ಬಲಗೈ ತಾನೇ ರೊಟ್ಟಿಯತ್ತ ತೆವಳುತ್ತಿತ್ತು. ರಾಸಿಮ್ ಮರದ ಸೌಟನ್ನು ತಿರುಗಿಸಿ ಹಿಡಿದು ಅದರ ಹಿಡಿಯಿಂದ ಅಪ್ಪನ ಬೆರಳ ಗೆಣ್ಣಿಗೆ ಒಂದು ಕೊಟ್ಟ. ಮೊದಲ ಏಟು ಮೆಲ್ಲಗಿತ್ತು. ಎರಡನೆಯದು ಮೆಲ್ಲಗಿರಲಿಲ್ಲ.

"ಹಾಂ, ಹಂಗೇ," ಎಂದ ಹುಲೂಸಿ ಹಲ್ಲು ಕಚ್ಚಿ. "ಕರುಣೆ ಗಿರುಣೆ ಇಟ್ಕೋಬೇಡ."

ರಾಸಿಮ್ ಇಟ್ಟುಕೊಳ್ಳಲಿಲ್ಲ. ತೋಟದಲ್ಲಿ ಬೇಲಿಗೂಟದ ಮೇಲಿಟ್ಟ ಖಾಲಿ ಡಬ್ಬಕ್ಕೆ ಗುರಿ ತಪ್ಪಿದಾಗಲೆಲ್ಲ "ಪಟಾಕಿ" ಎನ್ನುತ್ತಿದ್ದ, ಅಪ್ಪನ ದನಿಯಲ್ಲೇ. ಊಟದ ಹೊತ್ತನ್ನು ಕಾಯುವುದು ರೂಢಿಯಾಯಿತು. ಸೌಟು ಈಗ ನೆಜ್ಲಾಳ ಪಕ್ಕದಲ್ಲಲ್ಲ, ಅವನ ಮೊಣಕಾಲಿನ ಪಕ್ಕದಲ್ಲಿ ಇರುತ್ತಿತ್ತು.

"ಸಾಕು ಮಾಡ್ರೀ," ಎಂದಳು ನೆಜ್ಲಾ ಒಂದು ದಿನ, ಪಾತ್ರೆ ತೊಳೆಯುತ್ತ. "ಅವರು ಕಲೀತಿದ್ದಾರೆ, ಸರಿ. ನಿಮಗೆ ಅದರಲ್ಲಿ ರುಚಿ ಹತ್ತಿದೆ. ಮಗು ನೋಡ್ತಾ ಕೂತಿರುತ್ತೆ."

"ಅವಳಿಗೋಸ್ಕರಾನೇ ಮಾಡ್ತಿರೋದು."

"ಏಟು ಯಾರಿಗೋಸ್ಕರ ಅಂತ ಮಗೂಗೆ ಹೆಂಗೆ ಗೊತ್ತಾಗ್ಬೇಕು?"

ಮರುದಿನವೂ ಸೌಟು ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಆದರೆ ಇಪೆಕ್‌ಳ ಕೈಯನ್ನು ಆ ವಾರಗಳಲ್ಲಿ ಯಾರೂ ಕಟ್ಟಲಿಲ್ಲ. ಅವಳು ಎಡಗೈಯಲ್ಲಿ ತಿಂದಳು, ಎಡಗೈಯಲ್ಲಿ ಗೋಡೆಯ ಮೇಲೆ ಬೆಕ್ಕು ಬರೆದಳು. ಮಣಿಕಟ್ಟಿನ ಗೆರೆ ಮಾಯವಾಯಿತು. ಸೇಬು ಕೊಯ್ಲು ಮುಗಿಯುವ ಹೊತ್ತಿಗೆ ಹುಲೂಸಿ ಹತ್ತು ಡಬ್ಬದಲ್ಲಿ ಎಂಟನ್ನು ಕೆಡವುತ್ತಿದ್ದ.

ಮೊದಲ ಬೇಟೆಯ ಭಾನುವಾರ ಗುಂಪು ಬೇಶೆಹಿರ್ ಸರೋವರದ ಮೇಲಿನ ಪೈನ್ ಗುಡ್ಡದಲ್ಲಿ ಸೇರಿತು. ದುರ್ಸುನ್ ತನ್ನ ಕಪ್ಪು ನಾಯಿಯ ಜೊತೆ ಬಂದಿದ್ದ. ಹುಲೂಸಿಯ ಕೋವಿಯನ್ನು ಅವನೇ ಮೊದಲು ಗಮನಿಸಿದ.

"ಏನಣ್ಣ, ಕೋವಿ ಕನ್ನಡಿಯೊಳಗಿಂದ ಬಂದಂಗಿದೆ?"

"ಬಲ ಭುಜ ಹಿಡ್ಕೊಂಡಿದೆ. ಈ ವರ್ಷ ಎಡಗೈಲಿ ಆಡ್ತೀನಿ. ಕೋವಿ ಮಗಂದು."

"ಎಡಗೈಲಿ ಎಡವಟ್ಟಾದ್ರೆ?"

"ನಿನ್ ಬಲಗೈಗಿಂತ ನನ್ ಎಡಗೈ ವಾಸಿ. ನಡಿ ನಿನ್ ಜಾಗಕ್ಕೆ!"

ಎಲ್ಲರೂ ನಕ್ಕರು. ಹುಲೂಸಿ ಜಾಗಗಳನ್ನು ಹಂಚಿದ. ತನಗೆ ಆರಿಸಿಕೊಂಡದ್ದು ಬಲಗಡೆ ಆಳೆತ್ತರದ ಬಂಡೆಯಿದ್ದ ಜಾಗ. ಆ ಕಡೆಯಿಂದ ಏನೂ ಬರಲಾರದು, ಬರುವುದೆಲ್ಲ ಎಡದಿಂದ ಎಂದು ಅವನ ಲೆಕ್ಕ. ಬಂಡೆಯ ಆಚೆ ಬದಿಗೆ ರಾಸಿಮ್‌ನನ್ನು ಅವನ ಹಳೆಯ ಕೋವಿಯೊಂದಿಗೆ ನಿಲ್ಲಿಸಿದ. ದುರ್ಸುನ್ ಮತ್ತು ನಾಯಿ ಇಳಿಜಾರಿನ ಕೆಳಗೆ.

ಕಣಿವೆಯಿಂದ ಕೂಗು, ತಗಡಿನ ಸದ್ದು ಏರಿ ಬಂತು. ಸ್ವಲ್ಪ ಹೊತ್ತಿಗೆ ಪೊದೆ ಮುರಿದುಕೊಂಡು ದೊಡ್ಡ ಗಂಡು ಹಂದಿಯೊಂದು ಎಡಗಡೆಯಿಂದ ನುಗ್ಗಿತು. ಹುಲೂಸಿ ಕೋವಿ ಏರಿಸಿದ, ಒಂದೇ ಗುಂಡು. ಹಂದಿ ಮುಂಗಾಲು ಮಡಚಿ ಮಣ್ಣಿಗೆ ಮೂತಿ ಊರಿತು.

ರಾಸಿಮ್ ಬಂಡೆಯ ಅಂಚಿನಿಂದ ಇಣುಕಿ ನೋಡಿದ. ಅಪ್ಪ ಬಿದ್ದ ಹಂದಿಯನ್ನೇ ನೋಡುತ್ತ ಒಬ್ಬನೇ ನಗುತ್ತಿದ್ದ. ಆಗಲೇ ಇನ್ನೊಂದು ಹಂದಿ ಬಂಡೆಯ ಬುಡದಲ್ಲಿ ಕಾಣಿಸಿತು. ಅದು ಅಪ್ಪನ ಬಲಕ್ಕೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಸಾಗಿ ಕೆಳಗೆ ಧಾವಿಸಿತು. ಗುಂಡು, ಕೂಗು, ತಗಡಿನ ಗದ್ದಲದಲ್ಲಿ ಅಪ್ಪನ ಕಿವಿಗೂ ಅದು ಬೀಳಲಿಲ್ಲ, ತಲೆ ಕದಲಲೇ ಇಲ್ಲ. ರಾಸಿಮ್ ಹೊಡೆಯುವಂತಿರಲಿಲ್ಲ, ಗುಂಡಿನ ದಾರಿಯಲ್ಲಿ ಅಪ್ಪನಿದ್ದ. ಕೂಗಬಹುದಿತ್ತು. ಕೂಗಿದರೆ ಅಪ್ಪನಿಗೆ ಯಾಕೆ ಕಾಣಲಿಲ್ಲ ಎಂದು ಕೇಳುತ್ತಾರೆ ಎಂದು ಯೋಚಿಸುವಷ್ಟರಲ್ಲಿ ಕೆಳಗಿನಿಂದ ನಾಯಿಯ ಕಿರುಚು ಕೇಳಿತು.

ಹಂದಿಯ ಕೋರೆಹಲ್ಲು ನಾಯಿಯ ಹೊಟ್ಟೆಯನ್ನು ಬಾಲದವರೆಗೆ ಸೀಳಿತ್ತು. ದುರ್ಸುನ್ ಅದರ ಕಿವಿಯ ಹಿಂದೆ ಕೋವಿ ಇಟ್ಟು ತಾನೇ ಮುಗಿಸಿದ. ಮೇಲೆ ಬಂದಾಗ ಅವನ ತೋಳು ಮೊಣಕೈವರೆಗೆ ಕೆಂಪಾಗಿತ್ತು.

"ಯಾರ ಜಾಗದಿಂದ ಬಂತು ಅದು?"

ಇನ್ನೊಂದು ಹಂದಿ ಇತ್ತು ಎಂಬುದೇ ಹುಲೂಸಿಗೆ ಆಗ ಗೊತ್ತಾಯಿತು. ಅವನು ಒಂದು ಕ್ಷಣವೂ ತಡೆಯಲಿಲ್ಲ.

"ಬಂಡೆ ಕಡೆ ನನ್ ಮಗಂದು."

ಎಲ್ಲರೂ ರಾಸಿಮ್‌ನತ್ತ ತಿರುಗಿದರು. ಎಡಗೈಯಲ್ಲಿ ಚಮಚ ಹಿಡಿದ ಮಗಳು ಅವನ ಕಣ್ಣ ಮುಂದೆ ಬಂದಳು. "ಹೌದು," ಎಂದ. "ನಂದೇ ತಪ್ಪು. ನಿದ್ದೆ ಬಂದಂಗಾಗಿತ್ತು."

ದುರ್ಸುನ್ ಅವನ ಕಾಲ ಬಳಿ ಉಗುಳಿದ.

ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಹಂದಿ ತಪ್ಪಿಸಿಕೊಳ್ಳಲು ಬಿಟ್ಟವನು ಮರುದಿನ ಸಂಜೆ ಊರ ಟೀ ಅಂಗಡಿಯಲ್ಲಿ ಹೆಂಗಸರ ಅಡುಗೆ ಏಪ್ರನ್ ಕಟ್ಟಿಕೊಂಡು ಗುಂಪಿಗೆಲ್ಲ ಟೀ ಹಂಚಬೇಕು. ಯಾರು ಏನೇ ಅಂದರೂ ಅವನು ಬಾಯಿ ತೆರೆಯುವಂತಿಲ್ಲ. ಶಿಕ್ಷೆ ಹೇಳುವುದು ಮುಖ್ಯಸ್ಥನ ಕೆಲಸ.

"ನಾಳೆ ಏಪ್ರನ್ ಕಟ್ಕೊಂಡು ಬಾ, ಪಟಾಕಿ," ಎಂದ ಹುಲೂಸಿ. "ಹೂವಿನ ಚಿತ್ರ ಇರೋದೇ ಕಟ್ಕೋ."

ಸಂಜೆ ಮನೆಯಲ್ಲಿ ಹುಲೂಸಿ ಬಹಳ ಉತ್ಸಾಹದಲ್ಲಿದ್ದ. ಗುಂಡು ಎಲ್ಲಿ ತಾಗಿತು ಎಂದು ನೆಜ್ಲಾಗೆ ಎರಡು ಸಲ ಹೇಳಿದ. ಗೋಧಿ ನುಚ್ಚಿನ ಪಿಲಾವಿನ ತಟ್ಟೆ ನಡುವೆ ಬಂತು. ಇಪೆಕ್ ಚಮಚಕ್ಕೆ ಎಡಗೈ ಚಾಚಿದಳು.

ಹುಲೂಸಿ ರಾಸಿಮ್‌ನ ಮೊಣಕಾಲಿನ ಪಕ್ಕದಲ್ಲಿದ್ದ ಸೌಟನ್ನು ಎಡಗೈಯಿಂದ ಎತ್ತಿಕೊಂಡ, ತಿರುಗಿಸಿ ಹಿಡಿದ, ಹೊಡೆದ. ಗುರಿ ಸ್ವಲ್ಪವೂ ತಪ್ಪಲಿಲ್ಲ. ಮಗುವಿನ ನಡುಬೆರಳು, ಉಂಗುರಬೆರಳು ಎರಡಕ್ಕೂ ಒಟ್ಟಿಗೇ ಬಿತ್ತು. ಇಪೆಕ್ ಮೊದಲು ಅಳಲಿಲ್ಲ. ಬೆರಳುಗಳನ್ನು ನೋಡಿಕೊಂಡಳು, ಆಮೇಲೆ ಬಾಯಿ ತೆರೆದಳು, ದನಿ ಸ್ವಲ್ಪ ಹೊತ್ತಿನ ಮೇಲೆ ಬಂತು.

"ಮಾತು ಕೊಟ್ಟಿದ್ರಿ!" ರಾಸಿಮ್ ಎದ್ದು ನಿಂತಿದ್ದ.

"ಕೊಟ್ಟಿದ್ದೆ. ಕಟ್ಟಲ್ಲ ಅಂದಿದ್ದೆ. ಕಟ್ಟಿದ್ನಾ?" ಹುಲೂಸಿ ಸೌಟನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. "ಹೊಡೆಯಲ್ಲ ಅಂತ ಯಾವಾಗ ಅಂದೆ? ಕಟ್ಟೋದು ನಿಧಾನ ಕಣೋ. ನಿಂಗೆ ಎರಡು ಚಳಿಗಾಲ ಹಿಡೀತು. ಸೌಟು ಬೇಗ ಕಲಿಸುತ್ತೆ. ಅದು ನಿನ್ನಿಂದ ಕಲ್ತಿದ್ದು."

ನೆಜ್ಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ರಾಸಿಮ್‌ನ ಕಡೆ ನೋಡಲೇ ಇಲ್ಲ.

ಮರುದಿನ ಸಂಜೆ ರಾಸಿಮ್ ಹೂವಿನ ಏಪ್ರನ್ ಕಟ್ಟಿಕೊಂಡೇ ಟೀ ಅಂಗಡಿಗೆ ಹೋದ. ಸಿಳ್ಳೆ ಬಿತ್ತು.

"ಮದುವೆ ಯಾವಾಗ ತಂಗೀ?"

"ಸಕ್ಕರೆ ಜಾಸ್ತಿ ಹಾಕು. ನಿದ್ದೆಗಣ್ಣಲ್ಲಿ ಉಪ್ಪು ಹಾಕ್ಬಿಟ್ಟೀಯ!"

ದುರ್ಸುನ್ ಮಾತ್ರ ಮೂಲೆಯಲ್ಲಿ ಬೇರೆಯಾಗಿ ಕೂತಿದ್ದ. ವಸಂತದಿಂದ ಹುಲೂಸಿ ಇಲ್ಲಿ ಬಲಗಡೆಯನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದ. ಅವನು ಬಂದಾಗ ರಾಸಿಮ್ ಕೋಣೆಯ ನಡುವೆ ಒಂದು ಕುರ್ಚಿ ಹಾಕಿ, ಬಟ್ಟೆಯಿಂದ ಒರೆಸಿ, ಎರಡೂ ಕೈ ಚಾಚಿ ತೋರಿಸಿದ. ಮುಖ್ಯಸ್ಥನಿಗೆ ಗೌರವದ ಜಾಗ. ಎಲ್ಲರೂ "ಕೂತ್ಕೋ ಅಣ್ಣ, ನಿನ್ನೆ ಹೀರೋ ನೀನೇ" ಎಂದರು. ಹುಲೂಸಿ ಕೂತು ಹಂದಿಯ ಕಥೆ ಶುರು ಮಾಡಿದ.

ರಾಸಿಮ್ ಎಲ್ಲರಿಗೂ ಟೀ ಕೊಟ್ಟ. ಕೊನೆಯ ಲೋಟವನ್ನು ತಟ್ಟೆ ಸಮೇತ ಹಿಡಿದು ಅಪ್ಪನ ಬಲಗಡೆ ಬಂದು ನಿಂತ. ಲೋಟವನ್ನು ಅವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಚಾಚಿ ಹಿಡಿದ. ಮಾತಾಡಲಿಲ್ಲ. ಹುಲೂಸಿ ಕಥೆ ಹೇಳುತ್ತಲೇ ಇದ್ದ. ಒಬ್ಬೊಬ್ಬರಾಗಿ ಜನ ಲೋಟವನ್ನು ನೋಡತೊಡಗಿದರು, ಆಮೇಲೆ ಹುಲೂಸಿಯ ಮುಖವನ್ನು. ರಾಸಿಮ್‌ನ ಕೈ ಅಲ್ಲಾಡಲಿಲ್ಲ.

"ಹುಲೂಸಿ ಅಣ್ಣ," ಎಂದ ದುರ್ಸುನ್ ಮೆಲ್ಲಗೆ, "ಟೀ ಆರ್ತಾ ಇದೆ."

"ಎಲ್ಲಿ? ಆ ಪಟಾಕಿ ಇನ್ನೂ ತಂದೇ ಇಲ್ವಲ್ಲ."

ಯಾರೂ ನಗಲಿಲ್ಲ. ಏನೋ ಆಗಿದೆ ಎಂದು ಹುಲೂಸಿಗೆ ತಿಳಿಯಿತು. ಎಡಕ್ಕೆ ನೋಡಿದ. ಆಮೇಲೆ ಸರಕ್ಕನೆ ಬಲಕ್ಕೆ ತಿರುಗಿದ. ಮೂಗು ಲೋಟಕ್ಕೆ ಬಡಿದು ಟೀ ಅವನ ಎದೆ, ತೊಡೆಗಳ ಮೇಲೆಲ್ಲ ಚೆಲ್ಲಿತು.

ದುರ್ಸುನ್ ಎದ್ದು ಬಂದ. ಹುಲೂಸಿ ಅಂಗಿ ಕೊಡವುತ್ತಿದ್ದಾಗ ಅವನ ಬಲಗಣ್ಣಿನ ಪಕ್ಕದಿಂದ ಬೆರಳನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ತಂದ. ಕಣ್ಣು ಮಿಟುಕಲಿಲ್ಲ.

"ನನ್ ನಾಯಿ ಸತ್ತಿದ್ದು ಈ ಕಡೆಯಿಂದ," ಎಂದ ದುರ್ಸುನ್ ಎಲ್ಲರಿಗೂ ಕೇಳುವಂತೆ. "ನಮ್ಮನ್ನೆಲ್ಲ ಗುಂಡಿನ ಮುಂದೆ ನಿಲ್ಲಿಸ್ತಿದ್ದೋನು ಕುರುಡ."

"ರಾಸಿಮ್," ಎಂದ ಹುಲೂಸಿ. "ಇವರಿಗೆ ಹೇಳೋ."

"ನಾನೇನು ಹೇಳ್ಲಿ ಅಪ್ಪ? ಟೀ ಕೊಡೋನು ಬಾಯಿ ತೆರೆಯೋ ಹಂಗಿಲ್ವಲ್ಲ. ನಿಮ್ದೇ ಶಿಕ್ಷೆ."

ಮೂಲೆಯಲ್ಲಿ ಯಾರೋ ನಕ್ಕರು. ಆ ನಗು ಯಾರದೆಂದು ನೋಡಲು ಹುಲೂಸಿ ತಿರುಗಿದ, ಗಲಿಬಿಲಿಯಲ್ಲಿ ತಪ್ಪು ದಿಕ್ಕಿಗೆ. ಆಗ ಇನ್ನಷ್ಟು ಜನ ನಕ್ಕರು.

ರಾಸಿಮ್ ಏಪ್ರನ್ ಬಿಚ್ಚಿ ಮಡಚಿದ. "ಮುಂದಿನ ಭಾನುವಾರ ಜಾಗ ನಾನು ಹೇಳ್ತೀನಿ," ಎಂದ ದುರ್ಸುನ್ ಅವನಿಗೆ. "ನೀನು ನನ್ ಪಕ್ಕದಲ್ಲಿ ನಿಲ್ಲು. ಆ ಎಡಗೈ ಕೋವಿ ತಗೊಂಡ್ ಬಾ."

"ಅದು ನಂಗಾಗಲ್ಲ. ಮರ ಕತ್ತರಿಸಿದೆ."

ಊಟದ ಹೊತ್ತಿಗೆ ಇಬ್ಬರೂ ಮನೆ ಸೇರಿದ್ದರು, ಬೇರೆ ಬೇರೆಯಾಗಿ. ಹುಲೂಸಿ ಒದ್ದೆ ಅಂಗಿಯಲ್ಲೇ ಕೂತಿದ್ದ. ಯಾರ ಕಡೆಯೂ ತಲೆಯೆತ್ತಲಿಲ್ಲ. ಇನ್ನು ಈ ಮನೆಯ ಊಟಕ್ಕೆ ಅವನು ಕಟ್ಟಳೆ ಹಾಕಲಾರ ಎಂಬುದು ಅವನ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನೆಜ್ಲಾ ಸೂಪು ಬಡಿಸಿದಳು. ಇಪೆಕ್‌ಳ ಎರಡು ಬೆರಳು ಊದಿ, ಬಟ್ಟೆ ಪಟ್ಟಿಯೊಳಗೆ ಒಂದಾಗಿದ್ದವು.

ರಾಸಿಮ್ ಮಗಳ ಪಕ್ಕಕ್ಕೆ ಸರಿದು ಕೂತ. "ಪುಟ್ಟೀ, ನಿಂಗ್ಯಾವ ಕೈ ಬೇಕೋ ಆ ಕೈಲಿ ತಿನ್ನು. ಬೆರಳು ವಾಸಿಯಾಗೋವರೆಗೂ ನಾನೇ ತಿನ್ನಿಸ್ತೀನಿ. ಇನ್ಮೇಲೆ ನಿಂಗೆ ಯಾರೂ ಏನೂ ಅನ್ನಲ್ಲ, ಆಯ್ತಾ?"

ಚಮಚ ಎತ್ತಿಕೊಳ್ಳಲು ಅವನು ಕೈ ಮುಂದೆ ಮಾಡಿದ. ಇಪೆಕ್ ಬೆಚ್ಚಿ ಹಿಂದಕ್ಕೆ ಸರಿದಳು, ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಟ್ಟುಕೊಂಡಳು. ಅವಳು ನೋಡುತ್ತಿದ್ದದ್ದು ತಾತನನ್ನಲ್ಲ, ಅಪ್ಪನ ಕೈಯನ್ನು.

"ಇಪೆಕ್, ನಾನಮ್ಮ."

ಅವಳು ಬಲಗೈಯಿಂದ ಚಮಚ ಹಿಡಿದಳು. ಅರ್ಧ ಸೂಪು ಲಂಗದ ಮೇಲೆ ಹೋಯಿತು. ಇನ್ನರ್ಧ ಬಾಯಿಗೆ ಹೋದಾಗ ತಲೆಯೆತ್ತಿ ಅಪ್ಪನ ಮುಖ ನೋಡಿದಳು, ಸರಿಯಾಯಿತೇ ಎಂದು ಕೇಳುವ ಹಾಗೆ. ಮತ್ತೆ ಚಮಚ ಅದ್ದಿದಳು.

ಎದುರಿಗೆ ಹುಲೂಸಿ ಎಡಗೈಯಲ್ಲಿ ಉಣ್ಣುತ್ತಿದ್ದ, ಒಂದು ತೊಟ್ಟೂ ಚೆಲ್ಲದೆ.